ಊಜಿ ನೊಣ ಹಿಡಿದ ದಾರಿ

ನೊಣಕ್ಕೆ ತಾಲೂಕಿನ ಗಡಿ ಗೊತ್ತಿರುವುದಿಲ್ಲ. ನನಗೆ ಒಪ್ಪಿಸಿದ್ದ ಕೆಲಸವೋ ತಾಲೂಕುವಾರು ನೊಣ ಹುಡುಕುವುದು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕುಗಳಲ್ಲಿ ಹುಳುಗಳ ಮೈಯನ್ನು ತಿಂದು ಬದುಕುವ ನೊಣಗಳು ಯಾವ ಯಾವ ಜಾತಿಯವು, ಎಲ್ಲೆಲ್ಲಿವೆ ಎಂದು ನಕ್ಷೆ ಮಾಡಿ ಕೊಡಬೇಕಿತ್ತು. ನಾನು ರೇಷ್ಮೆ ಹುಳುವಿನ ರೋಗ, ಪೀಡೆ ನೋಡಿಕೊಳ್ಳುವ ಕಚೇರಿಯವಳು. ನಮಗೆ ತಲೆಬಿಸಿ ತಂದಿದ್ದ ನೊಣ ಅವುಗಳಲ್ಲಿ ಒಂದೇ, ಊಜಿ.

ಊಜಿಯನ್ನು ಕಾಣದವರಿಗೆ ಎರಡು ಮಾತು. ಮನೆನೊಣಕ್ಕಿಂತ ದೊಡ್ಡದು, ಬೂದು ಮೈ, ಬೆನ್ನ ಮೇಲೆ ನಾಲ್ಕು ಕಪ್ಪು ಗೆರೆ. ಹೆಣ್ಣು ನೊಣ ಬೆಳೆದ ರೇಷ್ಮೆ ಹುಳುವಿನ ಚರ್ಮದ ಮೇಲೆ ಸಣ್ಣ ಬಿಳಿ ಮೊಟ್ಟೆ ಅಂಟಿಸಿ ಹೋಗುತ್ತದೆ. ಮೊಟ್ಟೆಯೊಡೆದ ಮರಿ ಹುಳುವಿನೊಳಗೆ ಕೊರೆದು ಹೊಕ್ಕು, ತಿಂದು ಬಲಿತು, ಹೊರಗೆ ಬಂದು ಕತ್ತಲ ಸಂದಿ ಹುಡುಕಿ ಕಂದು ಬಣ್ಣದ ಕೋಶವಾಗಿ ಮಲಗುತ್ತದೆ. ಆ ಕೋಶದಿಂದ ಮತ್ತೆ ನೊಣ. ಹುಳು ಗೂಡು ಕಟ್ಟುವ ಮೊದಲೇ ಸಾಯುತ್ತದೆ, ಕಟ್ಟಿದರೂ ಗೂಡಿಗೆ ತೂತು ಬಿದ್ದು ಅದು ಯಾರಿಗೂ ಬೇಡವಾಗುತ್ತದೆ. ಕೆಲಸದ ಮಟ್ಟಿಗೆ ಹೇಳುವುದಾದರೆ ಬಹಳ ಅಚ್ಚುಕಟ್ಟಿನ ಪ್ರಾಣಿ. ನಮ್ಮ ಕಚೇರಿಯಲ್ಲಿ ಅಷ್ಟು ಅಚ್ಚುಕಟ್ಟು ಯಾರಿಗೂ ಇಲ್ಲ, ನನ್ನನ್ನೂ ಸೇರಿಸಿ.

ಕೆಲಸ ಸುರುಮಾಡಿದ್ದು ಸವಣೂರು ತಾಲೂಕಿನಲ್ಲಿ, ಹತ್ತಿಮತ್ತೂರಿನಿಂದ ಆಚೆಗಿನ ಒಂದು ಸಣ್ಣ ಊರಿನಿಂದ. ಊರಿನ ಹೆಸರು ಬೇಡ. ನಾನು ಹೋದ ಬೆಳಿಗ್ಗೆ ಶಿಗ್ಗಾಂವಿಯಿಂದ ಚಾಕಿ ಗಾಡಿ ಬಂದಿತ್ತು. ಚಾಕಿ ಎಂದರೆ ಮೊದಲ ಹಂತ ದಾಟಿಸಿ ಬೆಳೆಸಿದ ಮರಿಹುಳು. ರೈತರು ಮೊಟ್ಟೆ ತಂದು ಮರಿ ಮಾಡುವ ಗೋಜಿಗೆ ಹೋಗದೆ ಚಾಕಿ ಕೇಂದ್ರದವರಿಂದ ಈ ಮರಿಗಳನ್ನೇ ಕೊಂಡು ಸಾಕುತ್ತಾರೆ. ಗಾಡಿ ಓಣಿಯ ಒಂದು ಮನೆಯ ಮುಂದೆ ನಿಲ್ಲಲಿಲ್ಲ. ಆ ಮನೆಯ ಬಾಗಿಲಲ್ಲಿ ಸೆರಗು ತಲೆಗೆ ಹೊದ್ದ ಒಬ್ಬ ಹೆಂಗಸು ನಿಂತಿದ್ದಳು. ಆಕೆಯ ಕಾಲ ಬುಡದಲ್ಲಿ ಹಸಿ ಗೋಣಿತಟ್ಟು ಮುಚ್ಚಿದ ಹಿಪ್ಪುನೇರಳೆ ಎಲೆಯ ಬುಟ್ಟಿಗಳಿದ್ದವು. ಗಾಡಿ ಎದುರುಮನೆಯ ಮುಂದೆ ನಿಂತಿತು. ಎದುರುಮನೆಯ ಯಜಮಾನರು ಹುಳುವಿನ ತಟ್ಟೆಗಳನ್ನು ಇಳಿಸಿಕೊಂಡರು. ಈ ಕಡೆ ಒಮ್ಮೆಯೂ ತಿರುಗಿ ನೋಡಲಿಲ್ಲ.

ಆ ಹೆಂಗಸನ್ನು ಊರಿನವರೆಲ್ಲ ಆಪಾ ಎನ್ನುತ್ತಿದ್ದರು, ಅಕ್ಕ ಅಂದಂತೆ. ನಾನೂ ಹಾಗೇ ಕರೆದೆ.

"ಬರ್ರಿ ಮೇಡಂ, ಒಳಗ ಬರ್ರಿ," ಎಂದಳು. "ನೋಡಿದ್ರೆಲ್ಲಾ. ಎಲಿ ಕೊಯ್ದಿಟ್ಟೇನಿ, ಹುಳಾನ ಕೊಡವೊಲ್ರು. ನಿಮ್ಮ ಮನ್ಯಾಗ ಊಜಿ ಹೋಗೂತನಕ ಗಾಡಿ ನಿಂದರಾಂಗಿಲ್ಲ ಅಂದಾರ. ಊರಾಗ ನಮ್ಮ ಮನಿಗೆ ಈಗ ಊಜಿ ಮನಿ ಅಂತ ಹೆಸರು."

ಹುಳು ಮನೆಯೊಳಗೆ ಕರೆದೊಯ್ದು ತೋರಿಸಿದಳು. ಸುಣ್ಣ ಹೊಡೆದ ಗೋಡೆ, ಕಿಟಕಿಗೆ ನೈಲಾನ್ ಜಾಳಿಗೆ, ಬಾಗಿಲ ಬಳಿ ಕಾಲು ಒರೆಸಲು ಬ್ಲೀಚಿಂಗ್ ಪುಡಿ ನೆನೆಸಿದ ಗೋಣಿ. ನಾವು ತರಬೇತಿಯಲ್ಲಿ ಹೇಳುವುದನ್ನೆಲ್ಲ ಇಷ್ಟು ಚಾಚೂ ತಪ್ಪದೆ ಮಾಡಿದವರನ್ನು ನಾನು ಕಂಡಿದ್ದು ಕಡಿಮೆ. ಆದರೂ ನೆಲದ ಸಂದಿಯಲ್ಲಿ ಕಂದು ಕೋಶಗಳಿದ್ದವು. ಆಕೆ ಸುಳ್ಳು ಹೇಳುತ್ತಿರಲಿಲ್ಲ, ಚಾಕಿಯವನೂ ಹೇಳುತ್ತಿರಲಿಲ್ಲ.

"ನೊಣಾ ಎಲ್ಲಿಂದ ಬರ್ತೈತಿ ಅಂತ ಹುಡಕಾಕ ಬಂದೀರಿ ಹೌದಲ್ರಿ? ನಮ್ಮ ಮನಿಯಿಂದ ಹೌದೋ ಅಲ್ಲೋ, ಅದೊಂದ ಹೇಳಿಬಿಡ್ರಿ. ಹೌದಂದ್ರ ಈ ತ್ವಾಟಾ ಕಿತ್ತ ಒಗದು ಬ್ಯಾರೆ ಏನರ ಬಿತ್ತೇನಿ. ಅಲ್ಲಂದ್ರ ನನ್ನ ಹುಳಾ ನನಗ ಕೊಡಸ್ರಿ."

ಹೇಳುತ್ತೇನೆ ಎಂದುಬಿಟ್ಟೆ. ನಕ್ಷೆಯ ಕೆಲಸ ಕೈಗೆತ್ತಿಕೊಂಡವರು ಯಾರಿಗೂ ಇಂಥ ಮಾತು ಕೊಡಬಾರದು. ಆದರೆ ಬುಟ್ಟಿಯಲ್ಲಿ ಬಾಡುತ್ತಿದ್ದ ಎಲೆ ನೋಡಿ ಬಾಯಿ ತಾನಾಗಿ ಆಡಿತು.

ಊರಿನ ರೇಷ್ಮೆಯವರು ಆಗಲೇ ಎರಡು ಪಂಗಡವಾಗಿದ್ದರು. ಒಂದು ಪಂಗಡಕ್ಕೆ ಆಪಾಳ ಮನೆಯೇ ಊಜಿಯ ತವರು. ಇನ್ನೊಂದರ ಪ್ರಕಾರ ಊಜಿ ಬರುವುದು ಹಿರೇಕೆರೂರು ಕಡೆಯ ಗೋವಿನಜೋಳದ, ಅಂದರೆ ಮೆಕ್ಕೆಜೋಳದ, ಹೊಲಗಳಿಂದ. ಅಲ್ಲಿ ಜೋಳದ ಸುಳಿ ತಿನ್ನುವ ಲದ್ದಿ ಹುಳು ಹೆಚ್ಚಾಗಿದೆ, ಅದರ ಮೈಯಲ್ಲಿ ಹುಟ್ಟಿದ ನೊಣ ಗಾಳಿ ಹಿಡಿದು ಸವಣೂರಿಗೆ ಬರುತ್ತದೆ, ಆ ಹೊಲಗಳಿಗೆಲ್ಲ ಒಟ್ಟಿಗೆ ಔಷಧ ಹೊಡೆಸಬೇಕು ಎಂದು ಇವರ ವಾದ. ನಮ್ಮ ಕಚೇರಿಯ ಹಿರಿಯ ವಿಜ್ಞಾನಿಗೂ ಈ ಎರಡನೆಯ ಮಾತೇ ಹಿಡಿಸಿತ್ತು. ಮನೆಯೊಂದರ ಮೇಲೆ ದೂರು ಹೊರಿಸುವುದಕ್ಕಿಂತ ಗಾಳಿಯ ಮೇಲೆ ಹೊರಿಸುವುದು ಸುಲಭ, ಗಾಳಿ ಅರ್ಜಿ ಬರೆಯುವುದಿಲ್ಲ.

ಮೊದಲು ಮಾಡಿದ್ದು ಹಳದಿ ಅಂಟುಹಲಗೆ ಕಟ್ಟುವ ಕೆಲಸ. ಹೊಲದ ಬದು, ಹಿಪ್ಪುನೇರಳೆ ತೋಟದ ಅಂಚು, ಹುಳು ಮನೆಯ ಕಿಟಕಿ, ಹೀಗೆ ನಾಲ್ಕೂ ತಾಲೂಕುಗಳಲ್ಲಿ ಕಟ್ಟಿ ಬಂದೆ. ಬಿದ್ದ ನೊಣಗಳನ್ನು ಎಣಿಸಿ, ಬೆನ್ನಿಗೆ ಗೆರೆ ಇದ್ದವನ್ನು ಊಜಿ ಎಂದು ತೆಗೆದಿಟ್ಟೆ. ಚಿಕ್ಕೇರೂರಿನ ಗೋವಿನಜೋಳದ ಬದುವಿಗೆ ಕಟ್ಟಿದ ಹಲಗೆಗಳಲ್ಲಿ ಗೆರೆ ಬೆನ್ನಿನ ನೊಣ ಕಿಕ್ಕಿರಿದಿದ್ದವು. ನಕ್ಷೆಗೆ ಬಣ್ಣ ತುಂಬಿದಾಗ ಹಿರೇಕೆರೂರು ತಾಲೂಕು ಕೆಂಪಗೆ ಹೊಳೆಯಿತು. ಕಚೇರಿಯ ಹಿರಿಯರು ನೋಡಿ ಸಂತೋಷಪಟ್ಟರು.

ನನಗೆ ಸಮಾಧಾನವಾಗಲಿಲ್ಲ. ಅಂಟಿಗೆ ಬಿದ್ದು ರೆಕ್ಕೆ ಮುದುಡಿದ, ರೋಮ ಉದುರಿದ ನೊಣದ ಬೆನ್ನು ನೋಡಿ ಇದು ಇಂಥದ್ದೇ ಎನ್ನುವುದು, ಮದುವೆಮನೆಯ ಹೊರಗೆ ಬಿಟ್ಟ ಚಪ್ಪಲಿ ನೋಡಿ ಒಳಗಿದ್ದವರ ಹೆಸರು ಹೇಳಿದ ಹಾಗೆ. ಈ ಕುಲದಲ್ಲಿ ಬೆನ್ನಿಗೆ ಗೆರೆ ಇರುವ ಜಾತಿಗಳು ಬೇರೆಯೂ ಇವೆ. ಖಾತ್ರಿಯಾಗಬೇಕಾದರೆ ನೊಣ ಯಾವ ಹುಳುವಿನಿಂದ ಹೊರಬರುತ್ತದೆ ಎಂದು ಕಣ್ಣಾರೆ ನೋಡಬೇಕು. ಅಂದರೆ ಹೊಲದ ಹುಳು ಆರಿಸಿ ತಂದು ಸಾಕಬೇಕು.

ಚಿಕ್ಕೇರೂರಿನಲ್ಲಿ ನಾನು ಸುಳಿಯೊಳಗೆ ಕೈ ಹಾಕಿ ಹುಳು ಆರಿಸುತ್ತಿದ್ದಾಗ ಹೊಲದ ಒಡೆಯ ಬಂದು ಬದುವಿನ ಮೇಲೆ ಕುಳಿತ.

"ಸವಣೂರವ್ರು ನಮ್ಮ ಹೊಲಕ್ಕ ಎಣ್ಣಿ ಹೊಡಸಾಕ ಬರ್ತಾರಂತ, ಖರೇನ್ರಿ?" ಎಂದ. ಎಣ್ಣೆ ಎಂದರೆ ಈ ಕಡೆ ಕೀಟನಾಶಕ.

"ಇನ್ನೂ ಏನೂ ತೀರ್ಮಾನ ಆಗಿಲ್ಲ," ಎಂದೆ.

"ಹಂಗಾರ ಲಗೂನ ತೀರ್ಮಾನ ಮಾಡ್ರಿ. ಈ ನೊಣಾ ಬಂದ ಮ್ಯಾಲ ನನ್ನ ಹೊಲದಾಗ ಲದ್ದಿ ಹುಳಾ ಕಡಿಮಿ ಆಗ್ಯಾವು. ನೊಣಾ ಸತ್ರ ಹುಳಾ ತಿನ್ನಾಕ ನಾ ಏನ ನಿಮ್ಮ ಆಫೀಸಿನವರನ್ನ ಕರ್ಕೊಂಡ ಬರ್ಲೇನು?"

ಹುಳುಗಳನ್ನು ದೊಡ್ಡ ಡಬ್ಬಿಯೊಂದರಲ್ಲಿ ತುಂಬಿ, ಮೇಲೆ ತೆಳು ಬಟ್ಟೆ ಕಟ್ಟಿ ಸರಕಾರಿ ಬಸ್ಸು ಹತ್ತಿದೆ. ಪಕ್ಕದಲ್ಲಿ ಕುಳಿತ ಮುದುಕಿ ಡಬ್ಬಿಯಲ್ಲಿ ಏನೆಂದು ಕೇಳಿದಳು. ಹುಳು ಎಂದೆ. "ಯವ್ವಾ, ಹುಳಾ ಯಾರರ ಊರಿಂದ ಊರಿಗೆ ಹೊತ್ಕೊಂಡ ಹೋಗ್ತಾರೇನ!" ಎಂದು ಎದ್ದು ಹಿಂದಿನ ಸೀಟಿಗೆ ಹೋದಳು. ನಾನು ನಕ್ಕೆ. ಆಗ ಅದು ನನಗೆ ನಗುವ ಮಾತಾಗಿಯೇ ಕೇಳಿತ್ತು.

ಮರುದಿನ ಡಬ್ಬಿ ತೆರೆದರೆ ಕೆಲವೇ ಹುಳು ಉಳಿದಿದ್ದವು, ಉಳಿದವು ಉಂಡುಟ್ಟು ದಪ್ಪಗಾಗಿದ್ದವು. ಲದ್ದಿ ಹುಳುಗಳು ಒಂದನ್ನೊಂದು ತಿನ್ನುತ್ತವೆ. ಓದಿದ್ದ ಸಂಗತಿಯೇ, ಆದರೆ ಡಬ್ಬಿ ತುಂಬುವಾಗ ನೆನಪಾಗಲಿಲ್ಲ. ಮತ್ತೆ ಹೋಗಿ, ಈ ಸಲ ಮೊಸರಿನ ಪ್ಲಾಸ್ಟಿಕ್ ಬಟ್ಟಲುಗಳಲ್ಲಿ ಒಂದೊಂದನ್ನೇ ಇಟ್ಟು ತಂದೆ. ಪ್ರತಿ ಬಟ್ಟಲಿಗೂ ದಿನಾ ಎಳೆಯ ಜೋಳದೆಲೆ ಹಾಕಿ, ಹಿಕ್ಕೆ ತೆಗೆದು, ಬಟ್ಟೆ ಬದಲಿಸಬೇಕು. ಹೊರಬಿದ್ದ ನೊಣದ ಮರಿಗೆ ಅಡಗಲು ಕೆಳಗೆ ಜರಡಿ ಹಿಡಿದ ಮರಳು. ಹಾನಗಲ್‌ನಿಂದ ಭತ್ತದ ಹುಳು, ಶಿಗ್ಗಾಂವಿಯಿಂದ ಹತ್ತಿಯ ಕಾಯಿಕೊರಕ, ಸವಣೂರಿನಿಂದ ರೇಷ್ಮೆ ಹುಳು, ಎಲ್ಲಕ್ಕೂ ಇದೇ ಉಪಚಾರ. ನನ್ನ ಮನೆಯವರಿಗೆ ಹೊತ್ತಿಗೆ ಸರಿಯಾಗಿ ಊಟ ಸಿಗದಿದ್ದ ದಿನಗಳಲ್ಲೂ ಈ ಹುಳುಗಳಿಗೆ ಸಿಕ್ಕಿತು.

ನೊಣ ಹೊರಬಂದವು. ಗಂಡು ನೊಣದ ಹಿಂಭಾಗವನ್ನು ಸೂಜಿಯಿಂದ ಬಿಡಿಸಿ, ಅದರ ಕೊಕ್ಕೆಗಳ ಆಕಾರವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು ಜಾತಿ ಹೇಳುವ ಖಚಿತ ಕ್ರಮ. ಗೋವಿನಜೋಳದ ಹುಳುವಿನಿಂದ ಬಂದದ್ದು ಊಜಿಯ ಹತ್ತಿರದ ನೆಂಟ, ಊಜಿಯಲ್ಲ. ಆದರೂ ಸಂಶಯ ಉಳಿಯಬಾರದೆಂದು ಆ ನೊಣಗಳನ್ನು ಜಾಳಿಗೆಯ ಪಂಜರದಲ್ಲಿ ಬಲಿತ ರೇಷ್ಮೆ ಹುಳುಗಳ ಜೊತೆ ಬಿಟ್ಟೆ. ಒಂದೂ ಮೊಟ್ಟೆ ಇಡಲಿಲ್ಲ. ಅದೇ ಪಂಜರಕ್ಕೆ ಸವಣೂರಿನ ಊಜಿ ಬಿಟ್ಟಾಗ ಸಂಜೆಯೊಳಗೆ ಹುಳುಗಳ ಮೈಮೇಲೆ ಬಿಳಿ ಚುಕ್ಕೆ ಕಂಡವು. ಹತ್ತಿಯಲ್ಲಿ ಇನ್ನೊಂದು ಜಾತಿ, ಹಾನಗಲ್‌ನ ಭತ್ತದಲ್ಲಿ ಮತ್ತೊಂದು. ಹೊಲದ ನೊಣಗಳು ಬೆಳೆ ನೋಡಿಕೊಂಡು ತಾಲೂಕು ತುಂಬ ಹರಡಿದ್ದವು. ನಾನು ಹುಡುಕಿದಲ್ಲೆಲ್ಲ ಊಜಿ ಸಿಕ್ಕಿದ್ದು ರೇಷ್ಮೆ ಮನೆಗಳಲ್ಲಿ ಮಾತ್ರ.

ಹಿರೇಕೆರೂರಿನ ಕೆಂಪು ಅಳಿಸಿದೆ. ಚಿಕ್ಕೇರೂರಿನ ರೈತನಿಗೆ ಫೋನು ಮಾಡಿ ಹೇಳಿದೆ. "ನಾ ಹೇಳಿದ್ದಿಲ್ಲನ್ರಿ," ಎಂದು ಇಟ್ಟುಬಿಟ್ಟ. ಹಿರಿಯರು ಮಾತ್ರ ಗಾಳಿಯ ಸಿದ್ಧಾಂತ ಹೋದ ದುಃಖದಲ್ಲಿ ಎರಡು ದಿನ ನನ್ನ ಜೊತೆ ಚಹಾ ಕುಡಿಯಲಿಲ್ಲ.

ಈಗ ಉಳಿದದ್ದು ಬರೀ ಚುಕ್ಕೆಗಳ ನಕ್ಷೆ. ಅದಕ್ಕೆ ತಲೆಬುಡ ಇರಲಿಲ್ಲ. ಹಾನಗಲ್ ಕಡೆ ಹಿಪ್ಪುನೇರಳೆ ತೋಟಗಳು ಒತ್ತೊತ್ತಾಗಿವೆ, ತಂಪೂ ಇದೆ. ಊಜಿ ತುಂಬಿ ತುಳುಕಬೇಕಿತ್ತು, ಆದರೆ ಹುಡುಕಿದರೂ ಕೆಲವು ಊರುಗಳಲ್ಲಿ ಒಂದು ಕೋಶ ಸಿಗಲಿಲ್ಲ. ಅದೇ ಹಿರೇಕೆರೂರು ತಾಲೂಕಿನ ಒಂದು ಮೂಲೆಯಲ್ಲಿ, ಸುತ್ತ ಗೋವಿನಜೋಳ ಬಿಟ್ಟರೆ ಬೇರೇನೂ ಇಲ್ಲದ ಕಡೆ, ಒಂಟಿಯಾಗಿ ಹುಳು ಸಾಕುವ ಒಂದು ಮನೆಯಿತ್ತು. ಅಲ್ಲಿ ಊಜಿ ಹೇರಳ. ನೊಣ ಸ್ವಲ್ಪ ದೂರ ಹಾರೀತು, ಸವಣೂರಿನಿಂದ ಅಲ್ಲಿಗೆ ಹಾರಲಾರದು. ಮಳೆಯ ಜೊತೆ ಹೊಂದಿಸಿ ನೋಡಿದೆ, ಮಣ್ಣಿನ ಜೊತೆ ನೋಡಿದೆ, ಚಾಕಿ ಗಾಡಿಯ ದಾರಿಯ ಜೊತೆ ನೋಡಿದೆ. ಆ ಒಂಟಿ ಮನೆಗೆ ಶಿಗ್ಗಾಂವಿಯ ಚಾಕಿ ಗಾಡಿ ಹೋಗುತ್ತಲೇ ಇರಲಿಲ್ಲ. ಸೋತು ಹೋಯಿತು ತಲೆ. ಆಪಾಳಿಗೆ ಹೇಳುವ ಮಾತು ನನ್ನ ಹತ್ತಿರ ಇನ್ನೂ ಹುಟ್ಟಿರಲಿಲ್ಲ, ಆಕೆ ಅಷ್ಟರಲ್ಲಿ ಎರಡನೆಯ ಬೆಳೆಯನ್ನೂ ಕಳೆದುಕೊಂಡು ತೋಟದ ಎಲೆಯನ್ನು ಆಡಿಗೆ ಹಾಕುತ್ತಿದ್ದಳು.

ಮತ್ತೆ ಆ ಒಂಟಿ ಮನೆಗೆ ಹೋದೆ. ಮನೆಯ ಹೆಂಗಸು ಚಹಾ ಮಾಡಲು ಒಳಗೆ ಹೋದಾಗ ಹಿತ್ತಲಿನ ಚಪ್ಪರದ ಕೆಳಗೆ ಒರಗಿಸಿದ್ದ ಚಂದ್ರಿಕೆಗಳನ್ನು ಸುಮ್ಮನೆ ತಿರುವಿ ನೋಡುತ್ತಿದ್ದೆ. ಚಂದ್ರಿಕೆ ಎಂದರೆ ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವ ದೊಡ್ಡ ಬಿದಿರು ಚಾಪೆ. ಅದರ ಮೇಲೆ ಬಿದಿರಿನ ಪಟ್ಟಿಯನ್ನು ಸುರುಳಿ ಸುತ್ತಿ ಕಟ್ಟಿರುತ್ತಾರೆ. ಪಟ್ಟಿಗೂ ಚಾಪೆಗೂ ನಡುವಿನ ಸಂದಿಯಲ್ಲಿ, ಗೂಡು ಬಿಡಿಸಿದ ಮೇಲೆ ಉಳಿದ ರೇಷ್ಮೆಯ ನೂಲಿನ ಕೆಳಗೆ, ಬೆರಳಿಗೆ ಗಟ್ಟಿಯಾದದ್ದೇನೋ ತಾಗಿತು. ನೂಲು ಸರಿಸಿದೆ. ಕಂದು ಕೋಶಗಳು. ಕೆಲವು ಒಡೆದು ಬರಿದಾಗಿದ್ದವು, ಕೆಲವು ಇನ್ನೂ ತುಂಬಿಕೊಂಡಿದ್ದವು. ಚಂದ್ರಿಕೆಯ ಮೂಲೆಗೆ ಹಸಿರು ಬಟ್ಟೆಯ ಚಿಂದಿ ಕಟ್ಟಿತ್ತು.

"ಇವು ನಮ್ಮವಲ್ರೀ," ಎಂದಳು ಚಹಾ ತಂದ ಹೆಂಗಸು. "ಸವಣೂರ ಕಡೆ ಒಬ್ರ ಆಪಾ ಅದಾರ, ಟ್ರೇನಿಂಗಿನ್ಯಾಗ ಪರಿಚಯ ಆದವ್ರು. ಅವ್ರ ಕೊಟ್ಟಾರ. ಹಸರ ಚಿಂದಿ ಅವರ ಮನಿ ಗುರ್ತು. ಖಾಲಿ ಟಂಟಂ ಗಾಡಿ ಬರೂವಾಗ ಹೇರಿ ಕಳಿಸಿದ್ರು."

"ವಾಪಸ್ ಕೊಡುವಾಗ ಸ್ವಚ್ಛ ಮಾಡೂದಿಲ್ಲೇನು? ಈ ನೂಲು ಸುಡಬೇಕಲ್ಲ?"

ಆಕೆ ನಕ್ಕಳು. "ಅಯ್ಯ, ಎಲ್ಲಾ ಕೆರದ ಬರೇ ಬಿದಿರ ಕೊಡಾಕ ಬರತೈತೇನ್ರಿ? ನೂಲಿಂದ ಒಂದೆಳಿ ಬಿಟ್ಟ ಕೊಡಬೇಕು. ಇಸ್ಗೊಂಡ ಪಾತ್ರಿ ಬರಿದ ತಿರಗಿ ಕೊಡ್ತೇವೇನು, ಹಂಗ. ಕೊಟ್ಟವರ ಮನಿ ಬೆಳಿಗೆ ಒಳ್ಳೇದ ಆಗ್ಲಿ ಅಂತ. ಮತ್ತ ತಿರಗಿ ಕೊಡಾಕ ಬಂದವರ ಮುಂದ ಝಾಡಿಸಿ ನೋಡಬಾರದು. ಅವರಿಗೆ ಅವಮಾನ ಆಗತೈತಿ."

ಚಹಾ ಆರಿಹೋಯಿತು. ಹುಳು ಹಣ್ಣಾದಾಗ ಕೆಲವೇ ದಿನ, ಆದರೆ ಒಟ್ಟಿಗೆ ಬಹಳ ಚಂದ್ರಿಕೆ ಬೇಕಾಗುತ್ತವೆ. ಮುಂದಿನ ಬೆಳೆಯ ತನಕ ಅವು ಸುಮ್ಮನೆ ಬಿದ್ದಿರುತ್ತವೆ. ಹಾಗಾಗಿ ಕೊಟ್ಟು ತಂದು ಮಾಡುವುದು ಎಲ್ಲರಿಗೂ ಅನುಕೂಲ. ನಾವು ತರಬೇತಿಯಲ್ಲಿ ಗೋಡೆ, ನೆಲ, ಕಿಟಕಿ, ಕೈ, ಕಾಲು ಎಲ್ಲದರ ಬಗ್ಗೆ ಹೇಳುತ್ತೇವೆ. ಚಂದ್ರಿಕೆ ಸುಡಿರಿ ಎಂದೂ ಹೇಳುತ್ತೇವೆ, ಅಂದರೆ ಬಿದಿರು ಉಳಿದು ನೂಲು, ಕೋಶ ಮಾತ್ರ ಉರಿಯುವಂತೆ ಬೆಂಕಿ ಆಡಿಸುವುದು. ಆದರೆ ಎರವಲು ಕೊಡುವ ಮುನ್ನ, ತಿರುಗಿಸುವ ಮುನ್ನ ಸುಡಿರಿ ಎಂದು ಹೇಳಿದ್ದು ನನಗೆ ನೆನಪಿಲ್ಲ. ಬಸ್ಸಿನಲ್ಲಿ ಆ ಮುದುಕಿ ಕೇಳಿದ್ದು ಸರಿಯಾಗಿಯೇ ಇತ್ತು.

ಆಮೇಲೆ ನನ್ನ ಕೆಲಸ ಚಂದ್ರಿಕೆಗಳ ಗುರುತು ಹಿಡಿದು ಹೋಗುವುದಾಯಿತು. ಹಸಿರು ಚಿಂದಿ, ನೀಲಿ ಬಣ್ಣದ ಪಟ್ಟೆ, ಕಾಸಿದ ಕಬ್ಬಿಣದ ಬರೆ, ಒಂದೊಂದು ಮನೆಗೆ ಒಂದೊಂದು. ಯಾರಿಂದ ತಂದಿರಿ, ಯಾರಿಗೆ ಕೊಟ್ಟಿರಿ ಎಂದು ಕೇಳುತ್ತ ಹೋದಂತೆ ಚುಕ್ಕೆಗಳ ನಡುವೆ ಗೆರೆ ಮೂಡಿದವು. ಅಕ್ಕತಂಗಿಯರ ಮನೆ, ತರಬೇತಿಯ ಗೆಳತಿಯ ಮನೆ, ಬಂಕಾಪುರದ ಸಂಬಂಧಿಕರ ಮನೆ. ಊಜಿ ನೆಂಟಸ್ತನ ಹಿಡಿದು ಓಡಾಡುತ್ತಿತ್ತು. ಹಾನಗಲ್‌ನ ಆ ಸ್ವಚ್ಛ ಊರುಗಳಿಗೂ ಕಾರಣ ಸಿಕ್ಕಿತು. ಅಲ್ಲಿನವರು ಮಡಚುವ ಪ್ಲಾಸ್ಟಿಕ್ ಚಂದ್ರಿಕೆ ತೆಗೆದುಕೊಂಡಿದ್ದರು, ಮನೆಮನೆಗೂ ಅವರವರದ್ದೇ ಇದ್ದವು. ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ. ಖಾತ್ರಿಗೆಂದು ಎರವಲು ತಿರುಗಿ ಬಂದ ಕೆಲವು ಚಂದ್ರಿಕೆಗಳನ್ನು ಬೇರೆ ಬೇರೆ ಮನೆಗಳಿಂದ ತಂದು, ಹುಳು ಎಂದೂ ಕಾಲಿಡದ ಒಂದು ಖಾಲಿ ಕೋಣೆಯಲ್ಲಿ ಜಾಳಿಗೆ ಕಟ್ಟಿ ಇಟ್ಟೆ. ಸ್ವಲ್ಪ ದಿನದಲ್ಲೇ ಜಾಳಿಗೆಯೊಳಗೆ ಊಜಿ ಗುಂಯ್ ಎಂದವು.

ಗೆರೆಗಳನ್ನೆಲ್ಲ ಹಾಕಿ ಮುಗಿಸಿ ನೋಡಿದೆ. ಎಲ್ಲ ಗೆರೆಗಳೂ ಹಾಯುವ ಚುಕ್ಕೆ ಒಂದೇ. ಆಪಾಳ ಮನೆ. ಆಕೆಯ ಬಳಿ ಚಂದ್ರಿಕೆ ಎಲ್ಲರಿಗಿಂತ ಹೆಚ್ಚಿದ್ದವು, ಕೇಳಿದವರಿಗೆ ಇಲ್ಲ ಎಂದವಳಲ್ಲ.

ಹಿರಿಯರಿಗೆ ನಕ್ಷೆ ತೋರಿಸಿದೆ. ಅವರ ಮುಖ ಅರಳಿತು, ಚಹಾ ತರಿಸಿದರು. "ಮೂಲ ಸಿಕ್ಕಿತಲ್ಲ! ಈ ಚುಕ್ಕೆಗೆ ಕೆಂಪು ಹಾಕಿ ಮೂಲ ಅಂತ ಬರೆಯಿರಿ. ಊರಿನ ಸಭೆಯಲ್ಲಿ ಇದನ್ನೇ ತೋರಿಸೋಣ," ಎಂದರು.

ನಕ್ಷೆಯನ್ನು ನನ್ನ ಮೇಜಿಗೆ ತಂದು ಮತ್ತೆ ಬಿಡಿಸಿದೆ. ಆಕೆಯ ಮೇಲಿನ ಮರುಕದಿಂದ ನಕ್ಷೆ ತಿದ್ದುವುದು ಸರಿಯಲ್ಲ. ಆದರೆ ನಕ್ಷೆ ನಿಜವಾಗಿ ಏನು ಹೇಳುತ್ತಿದೆ? ಚಂದ್ರಿಕೆ ಹೋಗಿದೆ, ತಿರುಗಿ ಬಂದಿದೆ. ಕೋಶ ಹೋಗುವಾಗ ಹತ್ತಿತೋ ಬರುವಾಗ ಹತ್ತಿತೋ ಹೇಳಲು ನನ್ನ ಹತ್ತಿರ ಯಾವ ಪುರಾವೆಯೂ ಇರಲಿಲ್ಲ. ಎಲ್ಲಕ್ಕಿಂತ ಮೊದಲು ಊಜಿ ಯಾರ ಮನೆಯಲ್ಲಿತ್ತು ಎನ್ನುವುದು ಇನ್ನು ಯಾರಿಗೂ ತಿಳಿಯುವುದಲ್ಲ. ತಿಳಿಯದ್ದನ್ನು ಕೆಂಪು ಬಣ್ಣದಲ್ಲಿ ಬರೆದರೆ ಅದು ತಿಳಿದಂತೆ ಆಗುವುದಿಲ್ಲ, ಒಬ್ಬಳ ಬಾಗಿಲು ಮುಚ್ಚುತ್ತದೆ ಅಷ್ಟೆ.

ಗೆರೆಗಳಿಗೆ ಎರಡೂ ತುದಿಯಲ್ಲಿ ಬಾಣ ಹಾಕಿದೆ. ಮನೆಗಳ ಗುರುತು ತೆಗೆದು ಊರಿನ ಚುಕ್ಕೆಗಳನ್ನಷ್ಟೇ ಉಳಿಸಿದೆ. ಮೂಲ ಎಂಬ ಪದ ಬರೆಯುವುದಿಲ್ಲ ಎಂದು ಹಿರಿಯರಿಗೆ ಹೇಳಿದೆ. ಅವರು ವಾದಿಸಿದರು. ಪುರಾವೆ ಕೊಡಿ, ಬರೆಯುತ್ತೇನೆ ಎಂದೆ. ಕಡೆಗೆ, "ಹಾಗಾದರೆ ನಕ್ಷೆಗೆ ನೀವೇ ಜವಾಬ್ದಾರರು," ಎಂದರು. ಅದು ಮೊದಲೂ ಹಾಗೇ ಇತ್ತು.

ಸಭೆಗೆ ಮೊದಲು ಆಪಾಳ ಮನೆಗೆ ಹೋಗಿ ಮನೆಗಳ ಗುರುತಿದ್ದ ನಕ್ಷೆಯನ್ನೇ ಬಿಡಿಸಿ ಎಲ್ಲವನ್ನೂ ಹೇಳಿದೆ. ಕೊಟ್ಟ ಮಾತು ಉಳಿಸಿಕೊಳ್ಳಬೇಕಿತ್ತು, ಉಳಿಸಿಕೊಳ್ಳುವುದು ಇಷ್ಟು ಕಷ್ಟ ಎಂದು ಅಂದುಕೊಂಡಿರಲಿಲ್ಲ. ಆಕೆ ಬೆರಳಿಟ್ಟು ಒಂದೊಂದೇ ಗೆರೆ ನೋಡಿದಳು. ಇದು ತಂಗಿ ಮನೆ, ಇದು ಹಿರೇಕೆರೂರಿನವಳದು, ಎಂದು ತನ್ನಷ್ಟಕ್ಕೆ ಹೇಳಿಕೊಂಡಳು.

"ಕೊಟ್ಟಿದ್ದ ತಪ್ಪಾತೇನ್ರಿ ಮೇಡಂ?"

"ಕೊಟ್ಟದ್ದು ತಪ್ಪಲ್ಲ ಆಪಾ. ಸುಡದೆ ಕೊಟ್ಟದ್ದು, ಸುಡದೆ ತಂದದ್ದು. ಅದು ನಿಮ್ಮ ಒಬ್ಬರದಲ್ಲ. ನಾಳೆ ಸಭೆಯಲ್ಲಿ ಯಾರ ಮನೆಯ ಹೆಸರೂ ಬರುವುದಿಲ್ಲ."

ಆಕೆ ಎದ್ದು ಆಡಿಗೆ ಎಲೆ ಹಾಕಲು ಹಿತ್ತಲಿಗೆ ಹೋದಳು. ನಾನೇ ಕಾಗದ ಮಡಚಿಕೊಂಡು ಹೊರಬಂದೆ.

ಸಭೆ ನಡೆದದ್ದು ಹಾಲಿನ ಸಂಘದ ಪಡಸಾಲೆಯಲ್ಲಿ. ಊರಿನ ರೇಷ್ಮೆಯವರೆಲ್ಲ ಇದ್ದರು, ಶಿಗ್ಗಾಂವಿಯ ಚಾಕಿ ಕೇಂದ್ರದ ಮಾಲೀಕನೂ ಬಂದಿದ್ದ. ಹೆಂಗಸರು ಒಂದು ಕಡೆ ಗೋಡೆಗೆ ಒರಗಿ ಕುಳಿತಿದ್ದರು, ಅವರಲ್ಲಿ ಆಪಾ ತುದಿಗೆ. ಎದುರುಮನೆಯ ಯಜಮಾನರು ಮುಂದಿನ ಸಾಲಿನಲ್ಲಿ ಟೋಪಿ ತೊಡೆಯ ಮೇಲಿಟ್ಟು ಕುಳಿತಿದ್ದರು. ನಾನು ಗೋವಿನಜೋಳದ ನೊಣ ತೋರಿಸಿದೆ, ಊಜಿ ತೋರಿಸಿದೆ, ಎರಡೂ ಬೇರೆ ಎಂದೆ. ಹೊಲಕ್ಕೆ ಔಷಧ ಹೊಡೆಸುವ ಮಾತು ಅಲ್ಲಿಗೆ ಮುಗಿಯಿತು. ಆಮೇಲೆ ಚಂದ್ರಿಕೆಯ ಸಂದಿಯಿಂದ ಕೋಶ ಕಿತ್ತು ಎಲ್ಲರ ಕೈಗೂ ಕೊಟ್ಟೆ, ಬಾಣದ ಗೆರೆಗಳ ನಕ್ಷೆ ತೂಗುಹಾಕಿದೆ.

ಚಾಕಿ ಮಾಲೀಕ ನೋಡಿ ಕೇಳಿದ. "ಅಲ್ರೀ ಮೇಡಂ, ಎಲ್ಲಾ ಗೆರಿ ಈ ಊರಾಗ ಬಂದ ಕೂಡ್ಯಾವಲ್ಲ. ಈ ಊರಾಗ ಯಾರ ಮನಿ? ಅದನ್ನ ಹೇಳಿದ್ರ ನಮಗೂ ಸಲೀಸ. ಊಜಿ ಬಂದ್ರ ಜನಾ ಬೈಯೂದು ನನ್ನ ಹುಳಕ್ಕ."

"ಮನೆಯ ಮಾತು ಬೇಡ. ಇದು ಎಲ್ಲ ಮನೆಗಳಿಗೂ ಸಂಬಂಧಪಟ್ಟದ್ದು," ಎಂದೆ. 

ಗೋಡೆಯ ಕಡೆಯಿಂದ ಆಪಾ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡು ನಕ್ಷೆಯ ಹತ್ತಿರ ಬಂದು ಆ ಚುಕ್ಕೆಯ ಮೇಲೆ ಬೆರಳಿಟ್ಟಳು.

"ನಮ್ಮ ಮನಿ," ಎಂದಳು. "ಕೇಳಿದವರಿಗೆಲ್ಲಾ ಚಂದ್ರಿಕಿ ಕೊಟ್ಟಾಕಿ ನಾನ. ನಮ್ಮ ಮನಿಯಿಂದ ಹ್ವಾದ ಚಂದ್ರಿಕ್ಯಾಗ ಊಜಿ ಇತ್ತು. ಮೇಡಂ ಮುಚ್ಚಿಡಾಕತ್ತಾರ, ಬ್ಯಾಡ."

 ನನಗೆ ಸಿಟ್ಟೂ ಬಂತು, ಅಳುವೂ ಬಂತು. ಇಷ್ಟು ದಿನ ಗುದ್ದಾಡಿ ತೆಗೆದ ಗುರುತನ್ನು ಆಕೆ ಒಂದೇ ಬೆರಳಿನಲ್ಲಿ ತಿರುಗಿ ಹಾಕಿಬಿಟ್ಟಿದ್ದಳು. ಚಾಕಿ ಮಾಲೀಕ ಬಾಯಿ ತೆರೆಯುವಷ್ಟರಲ್ಲಿ ಎದುರುಮನೆಯ ಯಜಮಾನರು ಎದ್ದರು. ಕೈಯಲ್ಲಿದ್ದ ಕೋಶವನ್ನು ನೋಡುತ್ತಲೇ ಮಾತಾಡಿದರು.

"ಮದಲ ಊಜಿ ಬಿದ್ದದ್ದು ನಮ್ಮ ಮನ್ಯಾಗ. ಆ ಬೆಳಿ ಅರ್ಧಾ ಹೋತು. ಯಾರಿಗೂ ಹೇಳ್ಲಿಲ್ಲ. ಆಕಿ ಚಂದ್ರಿಕಿ ಹಂಗ ತಿರಗಿ ಕೊಟ್ಟ ಬಂದೆ. ಒಂದೆಳಿ ಬಿಟ್ಟ ಕೊಡಬೇಕಲ್ಲ, ಅದಕ ಕೆರೀಲಿಲ್ಲ. ಗಾಡಿ ಆಕಿ ಮನಿ ಮುಂದ ನಿಂದರದಾಗಿಂದ ನನಗ ನಿದ್ದಿ ಇಲ್ಲ."

ಆಪಾ ಅವರ ಕಡೆ ತಿರುಗಿದಳು.

"ಗೊತ್ತೈತಿ ಕಾಕಾ. ನೀವು ತಂದ ದಿನಾನ ನೋಡೀನಿ. ಕಣ್ಣಿಗೆ ಬಿದ್ದಷ್ಟು ಆರಿಸಿ ಒಲಿಗೆ ಹಾಕಿದೆ. ಎಲ್ಲಾ ಹ್ವಾದ್ವು ಅಂದ್ಕೊಂಡಿದ್ದೆ."

"ನೋಡಿದ್ರ ಹೇಳಬೇಕಿಲ್ಲೇನ ಯವ್ವಾ? ಇಷ್ಟ ದಿನಾ ಊರ ಮಂದಿ ಮಾತ ಯಾಕ ಕೇಳಿದಿ?"

"ತಿರಗಿ ಕೊಡಾಕ ಬಂದವರ ಮುಂದ ಝಾಡಿಸಿ, ನಿಮ್ಮ ಮನ್ಯಾಗ ಊಜಿ ಐತಿ ಅಂತ ಹೆಂಗ ಹೇಳ್ಲಿ?"

ಯಜಮಾನರು ಕೂರಲಾರದೆ, ನಿಲ್ಲಲಾರದೆ ಟೋಪಿಯನ್ನು ಕೈಯಲ್ಲಿ ಹಿಂಡುತ್ತಿದ್ದರು. ಹಿಂದಿನಿಂದ ಇನ್ನೊಬ್ಬರು, ನಮ್ಮ ಮನೆಯಲ್ಲೂ ಬಿದ್ದಿತ್ತು ಎಂದರು. ಹೆಂಗಸರ ಸಾಲಿನಿಂದ ಒಬ್ಬಳು, ನಮ್ಮಲ್ಲೂ ಎಂದಳು. ಚಾಕಿ ಮಾಲೀಕ ತಲೆ ತಗ್ಗಿಸಿ ಕೇಳುತ್ತಿದ್ದ. ಗದ್ದಲ ಸ್ವಲ್ಪ ಇಳಿದ ಮೇಲೆ, "ಮುಂದಿನ ಬೆಳಿಗೆ ನಿಮಗ ಎಷ್ಟ ಹುಳಾ ಬೇಕ ಹೇಳ್ರಿ ಆಪಾ," ಎಂದ.

"ಮದಲ ಚಂದ್ರಿಕಿ ಸುಡೂದ ಆಗ್ಲಿ," ಎಂದಳು ಆಕೆ. "ಎಲ್ಲಾರವೂ, ಒಂದ ದಿನಾ, ನಮ್ಮ ಅಂಗಳದಾಗ. ಆಮ್ಯಾಲ ಹೇಳ್ತೇನಿ."

ಬೆಂಕಿ ಉಗುಳುವ ಗನ್ ನಮ್ಮ ಕಚೇರಿಯಿಂದ ನಾನೇ ತರುತ್ತೇನೆಂದೆ. ಜನ ಎದ್ದು ಹೊರಡತೊಡಗಿದರು. ಯಜಮಾನರು ಮಾತ್ರ ಆಕೆಯ ಮುಂದೆ ನಿಂತೇ ಇದ್ದರು.

"ಹಂಗಾರ ಇನ್ನ ಮ್ಯಾಲ ತಿರಗಿ ಕೊಡೂವಾಗ ಒಂದೆಳೀನೂ ಬಿಡಬಾರದೇನ ಯವ್ವಾ? ಬರೇ ಬಿದಿರ ಹಿಡ್ಕೊಂಡ ನಿಮ್ಮ ಬಾಗಲಿಗೆ ಹೆಂಗ ಬರ್ಲಿ?"

"ಎಳಿ ಬ್ಯಾಡ್ರಿ ಕಾಕಾ," ಎಂದಳು ಆಪಾ. "ನೀವು ಬಂದ್ರ ಸಾಕು."